ಸಾಲದ ಜೊತೆ ಕೇಳದೆ ಸೇರಿಸಿದ ವಿಮೆ: ಕಡಿತವಾದ ಪ್ರೀಮಿಯಂ ವಾಪಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಐದು ಲಕ್ಷ ರೂಪಾಯಿಯ ವೈಯಕ್ತಿಕ ಸಾಲ ಮಂಜೂರಾಗಿದೆಯೆಂದು ಮೊಬೈಲಿಗೆ ಸಂದೇಶ ಬರುತ್ತದೆ, ಆದರೆ ಖಾತೆಗೆ ಜಮೆಯಾಗುವುದು 4,73,450 ರೂಪಾಯಿ. ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು 11,800 ರೂಪಾಯಿ ಕಳೆದರೂ ಇನ್ನು 14,750 ರೂಪಾಯಿಗೆ ಲೆಕ್ಕ ಸಿಗುವುದಿಲ್ಲ. ಶಾಖೆಗೆ ಹೋಗಿ ಕೇಳಿದರೆ, “ಅದು ಇನ್ಶೂರೆನ್ಸ್ ಸರ್, ಲೋನ್ ಜೊತೆ ಕಂಪಲ್ಸರಿ” ಎಂಬ ಉತ್ತರ ಬರುತ್ತದೆ. ಈ ಉತ್ತರ ತಪ್ಪು. ಸಾಲ ಕೊಡುವುದಕ್ಕೂ ತಾನು ಮಾರುವ ವಿಮೆಯನ್ನು ಗ್ರಾಹಕ ಕೊಳ್ಳುವುದಕ್ಕೂ ಬ್ಯಾಂಕು ಗಂಟು ಹಾಕುವಂತಿಲ್ಲ, ಇಂಥದೇ ಕಂಪನಿಯ ವಿಮೆ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಲುವು.

ಹೀಗೆ ಕಡಿತವಾದ ಹಣ ವಾಪಸ್ ಬರುತ್ತದೆ. ಆದರೂ ಕೇಳಿದವರಲ್ಲಿ ಅನೇಕರು ಬರಿಗೈಯಲ್ಲಿ ಮರಳುತ್ತಾರೆ. ನನ್ನ ಬಳಿಗೆ ಕಾಗದಗಳನ್ನು ಹಿಡಿದುಕೊಂಡು ಬಂದವರ ದೂರುಗಳನ್ನು ಓದಿದಾಗ ಹೆಚ್ಚಿನವರು ಒಂದೇ ಮೂರು ಕಡೆ ಎಡವಿರುವುದು ಕಾಣುತ್ತದೆ: ಬಾಯಿಮಾತಿನಲ್ಲಿ ಜಗಳವಾಡಿ ಬರವಣಿಗೆಯಲ್ಲಿ ಏನನ್ನೂ ಕೊಡದಿರುವುದು, ಪಾಲಿಸಿ ರದ್ದು ಮಾಡಲು ಇದ್ದ 30 ದಿನಗಳನ್ನು “ಮುಂದಿನ ವಾರ ನೋಡೋಣ” ಎಂಬ ಮಾತಿನಲ್ಲೇ ಕಳೆದುಕೊಳ್ಳುವುದು, ಮತ್ತು ತಪ್ಪಾದ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರುಗಳನ್ನು ಉಚಿತವಾಗಿ ಇತ್ಯರ್ಥ ಮಾಡುವ ಅಧಿಕಾರಿಯ, ಬಾಗಿಲು ತಟ್ಟುವುದು. ಕೆಳಗಿನ ಹಂತಗಳನ್ನು ಈ ಕಾರಣಕ್ಕಾಗಿಯೇ ಒಂದು ನಿರ್ದಿಷ್ಟ ಕ್ರಮದಲ್ಲಿ ಇಡಲಾಗಿದೆ. ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ ಮತ್ತೆ ಹಿಂದಕ್ಕೇ ಬರಬೇಕಾಗುತ್ತದೆ.

ಹಂತ 1: ಕಡಿತವಾದದ್ದು ಯಾವ ಬಗೆಯ ವಿಮೆಗೆ ಎಂದು ಗುರುತಿಸಿ

ಸಾಲದ ಜೊತೆ ಬರುವ ಎಲ್ಲ ವಿಮೆಯೂ ಒಂದೇ ಅಲ್ಲ, ದೂರಿನ ದಾರಿಯೂ ಒಂದೇ ಅಲ್ಲ. ಅತಿ ಹೆಚ್ಚು ಕಾಣುವುದು ಸಾಲಗಾರನ ಜೀವವಿಮೆ. ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ತೀರಿಸುತ್ತದೆ ಎಂಬುದು ಇದರ ಕರಾರು. ಬಹುತೇಕ ಇದು ಗುಂಪು ವಿಮೆಯಾಗಿದ್ದು, ಇಡೀ ಗುಂಪಿಗೆ ಸೇರಿದ ಮೂಲ ಪಾಲಿಸಿ, ಅಂದರೆ ಮಾಸ್ಟರ್ ಪಾಲಿಸಿ, ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿನಲ್ಲಿರುತ್ತದೆ. ನಿಮಗೆ ಸಿಗುವುದು ವಿಮಾ ಪ್ರಮಾಣಪತ್ರ ಮಾತ್ರ. ಇಡೀ ಅವಧಿಯ ಪ್ರೀಮಿಯಂ ಒಂದೇ ಸಲಕ್ಕೆ ಕಡಿತವಾಗಿ, ಸಾಲದ ಅಸಲಿಗೇ ಸೇರಿಕೊಂಡಿರುತ್ತದೆ.

ಎರಡನೆಯ ಬಗೆ ಇದಕ್ಕಿಂತ ಕೆಟ್ಟದ್ದು. ಸಾಲ ಮಂಜೂರಾಗಬೇಕಾದರೆ “ಒಂದೇ ಸಲ ಕಟ್ಟುವ ಸಣ್ಣ ಪಾಲಿಸಿ” ತೆಗೆದುಕೊಳ್ಳಿ ಎಂದು ಹೇಳಿ, ವಾಸ್ತವದಲ್ಲಿ ಹತ್ತು ಹನ್ನೆರಡು ವರ್ಷ ಪ್ರತಿ ವರ್ಷ ಕಟ್ಟಬೇಕಾದ ಉಳಿತಾಯ ಪಾಲಿಸಿಯನ್ನು ಕೊಟ್ಟಿರುತ್ತಾರೆ. ಎರಡನೇ ವರ್ಷ ಖಾತೆಯಿಂದ ತಾನಾಗಿಯೇ ಹಣ ಕಡಿತವಾದಾಗಲೇ ಬಹಳ ಜನರಿಗೆ ವಿಷಯ ಗೊತ್ತಾಗುವುದು.

ಮನೆ ಅಥವಾ ವಾಹನದ ವಿಮೆಯ ವಿಚಾರ ಬೇರೆ. ಅಡವಿಟ್ಟ ಆಸ್ತಿಗೆ ವಿಮೆ ಇರಬೇಕೆಂದು ಸಾಲದ ಕರಾರಿನಲ್ಲಿ ಷರತ್ತು ಹಾಕುವುದಕ್ಕೆ ಸಾಲದಾತರಿಗೆ ಅವಕಾಶವಿದೆ, ವಾಹನದ ಥರ್ಡ್ ಪಾರ್ಟಿ ವಿಮೆಯಂತೂ ಕಾನೂನಿನ ಪ್ರಕಾರ ಕಡ್ಡಾಯ. ಇಲ್ಲಿ ನೀವು ಆಕ್ಷೇಪಿಸಬಹುದಾದದ್ದು ಕಂಪನಿಯ ಆಯ್ಕೆಯನ್ನು ನಿಮಗೆ ಬಿಡದಿದ್ದುದನ್ನು ಮಾತ್ರ. ಬೆಳೆ ಸಾಲದ ಜೊತೆಗಿನ ಫಸಲ್ ಬಿಮಾ ಪ್ರೀಮಿಯಂ ಕೂಡ ಈ ಮಾರ್ಗದರ್ಶಿಗೆ ಸೇರುವುದಿಲ್ಲ: 2020ರ ಮುಂಗಾರಿನಿಂದ ಅದು ಸಾಲ ಪಡೆದ ರೈತರಿಗೂ ಐಚ್ಛಿಕವೇ ಆಗಿದ್ದರೂ, ಬೇಡವೆಂದು ನೋಂದಣಿಯ ಕೊನೆಯ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡದಿದ್ದರೆ ಪ್ರೀಮಿಯಂ ಕಡಿತವಾಗುತ್ತದೆ, ಆಮೇಲೆ ಒಪ್ಪಿಗೆ ಕೇಳಲಿಲ್ಲವೆಂದು ವಾದಿಸಿದರೆ ನಿಲ್ಲುವುದಿಲ್ಲ.

ಇನ್ನೂ ಒಂದು ಬಗೆಯಿದೆ, ವಿಮೆಯೇ ಅಲ್ಲದ್ದು. ಹೆಲ್ತ್ ಕಾರ್ಡ್, ವಾಲೆಟ್ ರಕ್ಷಣೆ ಎಂಬಂಥ ಹೆಸರಿನ ಸದಸ್ಯತ್ವ ಶುಲ್ಕಗಳನ್ನು ವಿಮೆಯ ಜೊತೆಗೇ ತೂರಿಸಿರುತ್ತಾರೆ. ಇವುಗಳ ಬಗ್ಗೆ ವಿಮಾ ಒಂಬುಡ್ಸ್‌ಮನ್‌ಗೆ ಬರೆದರೆ ಪ್ರಯೋಜನವಿಲ್ಲ. ಸಾಲದಾತರ ವಿರುದ್ಧವೇ ದೂರು ಕೊಡಬೇಕು.

ಹಂತ 2: ದೂರಿಗೆ ಮೊದಲು ಕಾಗದಗಳನ್ನು ಕೂಡಿಸಿ

ಮಂಜೂರಾತಿ ಪತ್ರ, ಸಾಲದ ಕರಾರು, ಸಾಲದ ಖಾತೆಯ ಸ್ಟೇಟ್‌ಮೆಂಟ್, ಮರುಪಾವತಿ ಪಟ್ಟಿ, ವಿಮಾ ಪ್ರಮಾಣಪತ್ರ ಅಥವಾ ಪಾಲಿಸಿ, ನೀವು ಸಹಿ ಮಾಡಿದ ವಿಮಾ ಅರ್ಜಿ ಮತ್ತು ಆರೋಗ್ಯ ಘೋಷಣೆ, ಹಾಗೂ ಆ ದಿನಗಳಲ್ಲಿ ಮೊಬೈಲಿಗೆ ಬಂದ ಎಲ್ಲ ಎಸ್‌ಎಂಎಸ್, ಓಟಿಪಿ ಸಂದೇಶ ಮತ್ತು ಇಮೇಲ್‌ಗಳು ಬೇಕು. ನಿಮ್ಮ ಬಳಿ ಇಲ್ಲದವನ್ನು ಶಾಖೆಯಿಂದ ಇಮೇಲ್ ಮೂಲಕ ಕೇಳಿ; ಕೌಂಟರಿನಲ್ಲಿ ಬಾಯಲ್ಲಿ ಕೇಳಬೇಡಿ.

2024ರ ಅಕ್ಟೋಬರ್ 1ರ ನಂತರ ಪಡೆದ ಸಾಲವಾದರೆ ನಿಮ್ಮ ಕೈಯಲ್ಲಿ ಒಂದು ಬಲವಾದ ಅಸ್ತ್ರವಿದೆ. ಅಂದಿನಿಂದ ಪ್ರತಿಯೊಂದು ಹೊಸ ರಿಟೇಲ್ ಸಾಲಕ್ಕೂ ಮುಖ್ಯಾಂಶಗಳ ಪಟ್ಟಿಯನ್ನು, ಅಂದರೆ ಎಲ್ಲರೂ ಕೆಎಫ್‌ಎಸ್ ಎಂದು ಕರೆಯುವ ದಾಖಲೆಯನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಬೇರೆ ಸಂಸ್ಥೆಯ ಪರವಾಗಿ ವಸೂಲು ಮಾಡುವ ವಿಮೆಯ ಮೊತ್ತವನ್ನು ಅದರಲ್ಲಿ ಪ್ರತ್ಯೇಕವಾಗಿ ತೋರಿಸಬೇಕು, ಬಡ್ಡಿ ಮತ್ತು ಶುಲ್ಕಗಳೆಲ್ಲ ಸೇರಿ ಸಾಲಕ್ಕೆ ವರ್ಷಕ್ಕೆ ಎಷ್ಟು ಬೀಳುತ್ತದೆಂದು ತೋರಿಸುವ ವಾರ್ಷಿಕ ಶೇಕಡಾವಾರು ದರದ ಲೆಕ್ಕಕ್ಕೂ ಸೇರಿಸಬೇಕು, ಅಂಥ ಪಾವತಿಯ ರಸೀದಿಯನ್ನೂ ಕೊಡಬೇಕು. ಕೆಎಫ್‌ಎಸ್‌ನಲ್ಲಿ ಇಲ್ಲದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಅವಧಿಯಲ್ಲಿ ಯಾವಾಗಲೂ ವಸೂಲು ಮಾಡುವಂತಿಲ್ಲ. ಆದ್ದರಿಂದ ಮೊದಲು ಕೆಎಫ್‌ಎಸ್ ತೆರೆದು ವಿಮೆಯ ಸಾಲು ಇದೆಯೇ, ಇದ್ದರೆ ಮೊತ್ತ ಸರಿಯಾಗಿದೆಯೇ ಎಂದು ನೋಡಿ. ಕಡಿತವಾದ ಮೊತ್ತ ಅಲ್ಲಿ ಇಲ್ಲದಿದ್ದರೆ ನಿಮ್ಮ ದೂರಿನ ಅರ್ಧ ಕೆಲಸ ಮುಗಿದಂತೆ. ಸ್ವಸಹಾಯ ಗುಂಪು ಅಥವಾ ಮೈಕ್ರೋಫೈನಾನ್ಸ್ ಸಾಲವಾದರೆ ಸಾಲದ ಕಾರ್ಡನ್ನು ನೋಡಿ. ಸಾಲವಲ್ಲದ ಯಾವುದೇ ಸೇವೆಯನ್ನು ಪೂರ್ಣ ಒಪ್ಪಿಗೆಯಿಂದಲೇ ಕೊಡಬೇಕು, ಅದರ ಶುಲ್ಕ ಆ ಕಾರ್ಡಿನಲ್ಲೇ ಕಾಣಬೇಕು.

ವಿಮಾ ಅರ್ಜಿಯ ಪ್ರತಿಯನ್ನು ಮಾತ್ರ ಬಿಡದೆ ಕೇಳಿ ತರಿಸಿಕೊಳ್ಳಿ. ನಮ್ಮ ಅಕ್ಕನ ಗೃಹಸಾಲದ ಜೊತೆ ಹೀಗೆಯೇ ಒಂದು ವಿಮೆ ಬಂದಿತ್ತು. ಎರಡು ಸಲ ಇಮೇಲ್ ಬರೆದ ಮೇಲೆ ಅರ್ಜಿಯ ಪ್ರತಿ ಸಿಕ್ಕಿತು. ಸಹಿ ಅವಳದೇ, ಇಪ್ಪತ್ತೆಂಟು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ “ಇಲ್ಲೆಲ್ಲ ಸಹಿ ಮಾಡಿ ಮೇಡಂ” ಎಂದಾಗ ಮಾಡಿದ್ದು. ಆದರೆ ಅರ್ಜಿಯಲ್ಲಿದ್ದ ಇಮೇಲ್ ವಿಳಾಸ ಅವಳದಲ್ಲ, ಮೊಬೈಲ್ ಸಂಖ್ಯೆಯ ಕೊನೆಯ ಎರಡು ಅಂಕಿ ಬೇರೆ, ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವವಳ ಹೆಸರಿನ ಮುಂದೆ ಎಲ್ಲ ಕಾಯಿಲೆಗಳಿಗೂ “ಇಲ್ಲ” ಎಂದು ಬೇರೆಯವರ ಕೈಬರಹದಲ್ಲಿ ಗೀಟು ಹಾಕಿತ್ತು. ಈ ಮೂರು ಅಂಶಗಳೇ ಅವಳ ದೂರನ್ನು ಗೆಲ್ಲಿಸಿದವು. ವಿಮಾ ದಾಖಲೆ ಅವಳ ಕೈಸೇರಿಯೇ ಇರಲಿಲ್ಲ ಎಂಬುದಕ್ಕೆ ಆ ತಪ್ಪು ಇಮೇಲ್ ವಿಳಾಸ ಸಾಕ್ಷಿಯಾಯಿತು. ಮುಂದಿನ ಹಂತದಲ್ಲಿ ಇದು ಯಾಕೆ ಮುಖ್ಯ ಎಂಬುದು ಗೊತ್ತಾಗುತ್ತದೆ.

ಹಂತ 3: 30 ದಿನದ ಲೆಕ್ಕ ಹಾಕಿ

ಜೀವವಿಮೆ ಮತ್ತು ಆರೋಗ್ಯ ವಿಮೆಯ ಪಾಲಿಸಿಗಳಿಗೆ ಫ್ರೀ ಲುಕ್ ಅವಧಿ ಎಂಬ ಒಂದು ಸೌಲಭ್ಯವಿದೆ. ಪಾಲಿಸಿಯ ದಾಖಲೆ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂತಿರುಗಿಸಿದರೆ, ಅಷ್ಟು ದಿನದ ವಿಮಾ ರಕ್ಷಣೆಯ ಪಾಲು, ವೈದ್ಯಕೀಯ ತಪಾಸಣೆ ನಡೆದಿದ್ದರೆ ಅದರ ಖರ್ಚು ಮತ್ತು ಸ್ಟಾಂಪ್ ಶುಲ್ಕವನ್ನು ಮಾತ್ರ ಕಳೆದು ಉಳಿದ ಪ್ರೀಮಿಯಂ ಕೊಡಬೇಕು. ಮೊದಲು 15 ದಿನಗಳಿದ್ದ ಈ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ನಿಯಮಗಳಲ್ಲಿ 30 ದಿನಕ್ಕೆ ಏರಿಸಿತು. ಗುಂಪು ವಿಮೆಯಲ್ಲಿ ಸದಸ್ಯರಿಗೂ ಈ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಪ್ರಮಾಣಪತ್ರದಲ್ಲಿ ‘ಫ್ರೀ ಲುಕ್’ ಎಂಬ ಷರತ್ತನ್ನು ಹುಡುಕಿ ಓದಿ.

ಎಣಿಕೆ ಶುರುವಾಗುವುದು ಸಾಲ ಬಂದ ದಿನದಿಂದಲ್ಲ, ಪ್ರೀಮಿಯಂ ಕಡಿತವಾದ ದಿನದಿಂದಲೂ ಅಲ್ಲ, ದಾಖಲೆ ನಿಮ್ಮ ಕೈಸೇರಿದ ದಿನದಿಂದ. ಇಮೇಲಿನಲ್ಲಿ ಬಂದರೂ ಕೈಸೇರಿದಂತೆಯೇ ಲೆಕ್ಕ. ಹೀಗಾಗಿ ‘ಸ್ಪ್ಯಾಮ್’ ಕಡತವನ್ನೂ ಹುಡುಕಿ. ದಾಖಲೆ ಬಂದೇ ಇಲ್ಲದಿದ್ದರೆ ಅಥವಾ ನಿಮ್ಮದಲ್ಲದ ವಿಳಾಸಕ್ಕೆ ಹೋಗಿದ್ದರೆ, ಅದನ್ನು ಸ್ಪಷ್ಟವಾಗಿ ಬರೆದು, ನಿಮ್ಮ ಸರಿಯಾದ ವಿಳಾಸಕ್ಕೆ ಪ್ರತಿ ತಲುಪಿದ ದಿನದಿಂದ ಅವಧಿಯನ್ನು ಎಣಿಸಬೇಕೆಂದು ಕೇಳಿ. ಅವಧಿಯೊಳಗೆ ಇದ್ದೀರಾದರೆ ಒಪ್ಪಿಗೆ ಕೇಳಿದ್ದರೋ ಇಲ್ಲವೋ ಎಂಬ ವಾದಕ್ಕೆ ಇಳಿಯುವುದೇ ಬೇಡ. ಫ್ರೀ ಲುಕ್ ರದ್ದತಿಯನ್ನೇ ಮೊದಲು ಕೇಳಿ, ಹಂತ 4ರ ದೂರನ್ನು ಅದರ ಜೊತೆಗೇ ಲಗತ್ತಿಸಿ. ಅವಧಿ ಮೀರಿದ್ದರೆ ದಾರಿ ಮುಚ್ಚಿತೆಂದಲ್ಲ, ಉದ್ದವಾಯಿತು ಅಷ್ಟೆ.

ರದ್ದು ಮಾಡುವ ಮೊದಲು ಒಂದು ಮಾತು. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆಗಿದ್ದು ಬೇರೆ ಜೀವವಿಮೆ ಇಲ್ಲದಿದ್ದರೆ, ಮೊದಲು ಒಂದು ಟರ್ಮ್ ಪಾಲಿಸಿ (ಉಳಿತಾಯವಿಲ್ಲದ, ಸಾವಿಗೆ ಮಾತ್ರ ಪರಿಹಾರ ಕೊಡುವ ಜೀವವಿಮೆ) ಕೈಗೆ ಬರಲಿ, ಆಮೇಲೆ ಇದನ್ನು ಬಿಡಿ. ಆದರೆ ಫ್ರೀ ಲುಕ್ ದಿನಗಳು ಅದಕ್ಕಾಗಿ ಕಾಯುವುದಿಲ್ಲ ಎಂಬುದು ನೆನಪಿರಲಿ.

ಹಂತ 4: ದೂರಿನ ಪತ್ರ ಬರೆಯುವುದು

ಪತ್ರ ಇಬ್ಬರಿಗೂ ಹೋಗಬೇಕು: ಸಾಲದಾತರ ಕುಂದುಕೊರತೆ ಅಧಿಕಾರಿಗೆ ಮತ್ತು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಒಬ್ಬರಿಗೆ ಮಾತ್ರ ಬರೆದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ, ಅಲ್ಲಿ ಹೋದರೆ ಮತ್ತೆ ಇಲ್ಲಿಗೆ ಕಳಿಸುತ್ತಾರೆ, ಇದರಲ್ಲೇ ಎರಡು ತಿಂಗಳು ಕಳೆಯುತ್ತದೆ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ, ಆದರೆ ವಿಮಾ ಕಂಪನಿಯ ಪ್ರಧಾನ ಕಚೇರಿ ಮುಂಬೈಯಲ್ಲೋ ದೆಹಲಿಯಲ್ಲೋ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸುವುದು ಜಾಣತನ. ನಮ್ಮ ಉದ್ದೇಶ ಹಣ ಬೇಗ ಬರುವುದು.

ಪತ್ರದಲ್ಲಿ ಸಿಟ್ಟು ಬೇಡ. “ಮೋಸ”, “ವಂಚನೆ”, “ದರೋಡೆ” ಎಂಬ ಪದಗಳು ಬಂದ ಕೂಡಲೇ ಅದು ಆರೋಪ ಪತ್ರವಾಗುತ್ತದೆ, ಉತ್ತರಿಸುವವರು ಆರೋಪವನ್ನು ನಿರಾಕರಿಸಿ ಕೈತೊಳೆದುಕೊಳ್ಳುತ್ತಾರೆ. ದಾಖಲೆ ಕೇಳುವ ಪತ್ರಕ್ಕೆ ಹಾಗೆ ಉತ್ತರಿಸಲು ಬರುವುದಿಲ್ಲ. ಮಾದರಿ ಹೀಗಿದೆ:

“ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ……ಯಿಂದ ದಿನಾಂಕ ……ರಂದು ವಿಮಾ ಪ್ರೀಮಿಯಂ ಎಂದು ರೂ. …… ಕಡಿತವಾಗಿದೆ. ಈ ವಿಮೆ ಐಚ್ಛಿಕವೆಂದು ನನಗೆ ತಿಳಿಸಿಲ್ಲ. ಇದು ಸಾಲಕ್ಕೆ ಕಡ್ಡಾಯವೆಂದು ನಿಮ್ಮ ಶಾಖೆಯ ಸಿಬ್ಬಂದಿ ತಿಳಿಸಿದರು. ವಿಮೆಗೆ ನಾನು ಕೊಟ್ಟೆನೆನ್ನುವ ಪ್ರತ್ಯೇಕ ಒಪ್ಪಿಗೆಯ ದಾಖಲೆ, ನಾನು ಸಹಿ ಮಾಡಿದ ವಿಮಾ ಅರ್ಜಿ, ಓಟಿಪಿ ಮೂಲಕ ಒಪ್ಪಿಗೆ ಪಡೆದಿದ್ದರೆ ಆ ಸಂದೇಶದ ಪೂರ್ಣ ಪಠ್ಯ, ವಿಮಾ ಕಂಪನಿ ಮಾಡಿದ ಪರಿಶೀಲನಾ ಕರೆಯ ಧ್ವನಿಮುದ್ರಣ ಮತ್ತು ವಿಮಾ ದಾಖಲೆಯನ್ನು ನನಗೆ ತಲುಪಿಸಿದ್ದಕ್ಕೆ ಪುರಾವೆ, ಇವುಗಳನ್ನು ಒದಗಿಸಬೇಕು. ಈ ವಿಮೆಯನ್ನು ರದ್ದುಪಡಿಸಿ, ಪ್ರೀಮಿಯಂ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಹಿಂತಿರುಗಿಸಿ, ಆ ಮೊತ್ತವನ್ನು ಮೊದಲಿನಿಂದಲೂ ಸಾಲಕ್ಕೆ ಸೇರಿಸಿರದಿದ್ದರೆ ಹೇಗಿರುತ್ತಿತ್ತೋ ಹಾಗೆ ನನ್ನ ಸಾಲದ ಖಾತೆಯನ್ನು ಸರಿಪಡಿಸಿ, ಹೆಚ್ಚುವರಿಯಾಗಿ ಪಡೆದ ಬಡ್ಡಿಯನ್ನು ಕೊಡಬೇಕೆಂದು ಕೋರುತ್ತೇನೆ.”

ಸಿಬ್ಬಂದಿ ಹಾಗೆ ಹೇಳಿರದಿದ್ದರೆ ಆ ವಾಕ್ಯವನ್ನು ತೆಗೆದುಬಿಡಿ. ನಡೆಯದ್ದನ್ನು ಬರೆದು, ಧ್ವನಿಮುದ್ರಣದಲ್ಲಿ ಬೇರೆಯೇ ಇದ್ದರೆ ಇಡೀ ದೂರು ಬೀಳುತ್ತದೆ. ಪತ್ರವನ್ನು ಇಮೇಲ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಶಾಖೆಗೆ ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ವಾದಿಸುತ್ತ ನಿಲ್ಲಬೇಡಿ, ಪಕ್ಕದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ವಿಮಾ ಕಂಪನಿಯ ವಿರುದ್ಧದ ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಕೂಡ ದಾಖಲಿಸಬಹುದು. 155255 ಸಂಖ್ಯೆಗೆ ಕರೆ ಮಾಡಿಯೂ ನೋಂದಾಯಿಸಬಹುದು. ಐಆರ್‌ಡಿಎಐ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರಕ್ಕೆ ಒತ್ತಾಯಿಸುತ್ತದೆ. ಹಾಗಿದ್ದರೂ ಅಲ್ಲಿ ಸಿಗುವ ಟೋಕನ್ ಸಂಖ್ಯೆ ಮುಂದೆ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

ಹಂತ 5: ಕೇಳಬೇಕಾದ ಮೊತ್ತವನ್ನು ನೀವೇ ಲೆಕ್ಕ ಹಾಕಿ

ಬಹಳ ಜನ ಪ್ರೀಮಿಯಂ ಮಾತ್ರ ಕೇಳಿ ಬಡ್ಡಿಯನ್ನು ಮರೆಯುತ್ತಾರೆ. ಗೃಹಸಾಲದಲ್ಲಿ ಈ ಮರೆವು ದುಬಾರಿ. ಒಂದೂವರೆ ಲಕ್ಷ ರೂಪಾಯಿ ಪ್ರೀಮಿಯಂ ಶೇ. 9ರ ಬಡ್ಡಿಯ 20 ವರ್ಷದ ಸಾಲಕ್ಕೆ ಸೇರಿತೆಂದುಕೊಳ್ಳಿ: ಅದರ ಪಾಲಿನ ಕಂತೇ ತಿಂಗಳಿಗೆ ಸುಮಾರು 1,350 ರೂಪಾಯಿ, ಸಾಲ ತೀರುವಷ್ಟರಲ್ಲಿ ಅದಕ್ಕಾಗಿ ನೀವು ಕಟ್ಟಿದ್ದು ಸುಮಾರು 3.24 ಲಕ್ಷ ರೂಪಾಯಿ. ಮೊದಲು ಹೇಳಿದ ವೈಯಕ್ತಿಕ ಸಾಲದ 14,750 ರೂಪಾಯಿಗೆ ಶೇ. 14ರಂತೆ ಎಂಟು ತಿಂಗಳ ಬಡ್ಡಿ, ನಡುವೆ ಅಸಲು ಕರಗಿದ್ದನ್ನು ಬಿಟ್ಟು ಸರಳವಾಗಿ ಎಣಿಸಿದರೆ, ಸುಮಾರು 1,377 ರೂಪಾಯಿ.

ಹಣ ವಾಪಸ್ ಬರುವಾಗ ಅದು ಸಾಲದ ಖಾತೆಗೆ ಜಮೆಯಾಗುವುದೇ ಹೆಚ್ಚು. ಹಾಗಾದಾಗ ಅಸಲು ಕಡಿಮೆಯಾಯಿತೇ, ಕಂತು ಇಳಿಯಿತೇ ಅಥವಾ ಅವಧಿ ಕಡಿಮೆಯಾಯಿತೇ ಎಂಬುದಕ್ಕೆ ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಅವಧಿಗೆ ಮುನ್ನ ಸಾಲ ತೀರಿಸಿದ್ದಕ್ಕೆ ಹಾಕುವ ಮುಂಗಡ ಪಾವತಿ ಶುಲ್ಕವನ್ನು ಇದಕ್ಕೆ ಹಾಕುವಂತಿಲ್ಲ ಎಂದೂ ಪತ್ರದಲ್ಲೇ ಬರೆದಿರಿ, ಏಕೆಂದರೆ ಇದು ನೀವು ಮಾಡಿದ ಮುಂಗಡ ಪಾವತಿಯಲ್ಲ.

ಹಂತ 6: ಬರುವ ಉತ್ತರಗಳನ್ನು ಹೇಗೆ ಎದುರಿಸುವುದು

ಉತ್ತರಗಳು ಎಲ್ಲ ಕಡೆಯಿಂದಲೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತವೆ.

“ನೀವೇ ಸಹಿ ಮಾಡಿದ್ದೀರಿ” ಎಂಬುದು ಮೊದಲನೆಯದು. ಸಾಲದ ಕಾಗದಕ್ಕೆ ಮಾಡಿದ ಸಹಿ ಬೇರೆ, ವಿಮೆಗೆ ಕೊಟ್ಟ ಒಪ್ಪಿಗೆ ಬೇರೆ. ವಿಮೆ ಐಚ್ಛಿಕವೆಂದು ತಿಳಿಸಿದ್ದ ಸಾಲು ಯಾವ ಪುಟದಲ್ಲಿದೆ ಎಂದು ಮರುಪ್ರಶ್ನೆ ಹಾಕಿ.

“ಓಟಿಪಿ ಕೊಟ್ಟಿದ್ದೀರಿ” ಎಂಬುದು ಎರಡನೆಯದು. ಆ ಸಂದೇಶದಲ್ಲಿ ವಿಮೆ ಎಂಬ ಪದ, ಕಂಪನಿಯ ಹೆಸರು ಮತ್ತು ಮೊತ್ತ ಇತ್ತೇ ನೋಡಿ. “ನಿಮ್ಮ ಸಾಲದ ಅರ್ಜಿಯನ್ನು ಮುಂದುವರಿಸಲು” ಎಂದಷ್ಟೇ ಇದ್ದ ಓಟಿಪಿ ವಿಮೆಗೆ ಒಪ್ಪಿಗೆಯಾಗುವುದಿಲ್ಲವೆಂದು ವಾದಿಸಲು ನಿಮಗೆ ಗಟ್ಟಿ ನೆಲೆಯಿದೆ. ಆ್ಯಪ್ ಮೂಲಕ ಪಡೆದ ಸಾಲವಾಗಿದ್ದು ವಿಮೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿದ್ದರೆ ಅದನ್ನು ತಪ್ಪದೆ ಬರೆಯಿರಿ. ಗ್ರಾಹಕ ಕೇಳದ್ದನ್ನು ಬುಟ್ಟಿಗೆ ತೂರಿಸುವುದನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿತ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಮೂರನೆಯದು ಕಷ್ಟದ್ದು: “ಪರಿಶೀಲನಾ ಕರೆಯಲ್ಲಿ ಎಲ್ಲದಕ್ಕೂ ಹೌದು ಎಂದಿದ್ದೀರಿ.” ವಿಮಾ ಕಂಪನಿಯಿಂದ ಕರೆ ಬಂದಾಗ ಎಲ್ಲದಕ್ಕೂ ‘ಯೆಸ್’ ಎನ್ನಿ, ಇಲ್ಲದಿದ್ದರೆ ಸಾಲ ತಡವಾಗುತ್ತದೆ ಎಂದು ಸಿಬ್ಬಂದಿ ಹೇಳಿಕೊಟ್ಟಿರುತ್ತಾರೆ, ಸಾಲದ ಅವಸರದಲ್ಲಿ ನಾವೂ ಹಾಗೆಯೇ ಅಂದಿರುತ್ತೇವೆ. ಧ್ವನಿಮುದ್ರಣ ತರಿಸಿ ಕೇಳಿ. ಕರೆ ಯಾವ ಭಾಷೆಯಲ್ಲಿತ್ತು, ಪ್ರೀಮಿಯಂ ಎಷ್ಟು ವರ್ಷ ಕಟ್ಟಬೇಕೆಂದು ಹೇಳಿದ್ದರೇ, ವಿಮೆ ಐಚ್ಛಿಕ ಎಂದಿದ್ದರೇ, ಕರೆ ಸಾಲದ ಹಣ ಬರುವ ಮೊದಲೇ ಬಂದಿತ್ತೇ ಎಂಬುದನ್ನು ನಿಮಿಷ ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಿ. ಸಿಬ್ಬಂದಿ ವಾಟ್ಸಾಪ್‌ನಲ್ಲಿ ಹಾಗೆ ಸೂಚನೆ ಕಳಿಸಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಳಿಸಿಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ನಾಲ್ಕನೆಯದು ಆಮಿಷ. ಶಾಖೆಯಿಂದ ಕರೆ ಮಾಡಿ, ಈ ಪಾಲಿಸಿಯನ್ನು ರದ್ದು ಮಾಡಿ ಅದೇ ಹಣವನ್ನು ಇನ್ನೊಂದು “ಒಳ್ಳೆಯ” ಪಾಲಿಸಿಗೆ ಹಾಕುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಅರ್ಧ ಮೊತ್ತ ಕೊಟ್ಟು “ಪೂರ್ಣ ಹಾಗೂ ಅಂತಿಮ ಇತ್ಯರ್ಥ” ಎಂಬ ಕಾಗದಕ್ಕೆ ಸಹಿ ಕೇಳಿದರೂ ಅಷ್ಟೆ, ಸಹಿ ಬಿದ್ದ ಮೇಲೆ ಉಳಿದರ್ಧಕ್ಕೆ ಬಾಯಿ ತೆರೆಯಲಾಗದು.

ಬ್ಯಾಂಕು ದೂರನ್ನು ಪೂರ್ತಿಯಾಗಿಯೋ ಭಾಗಶಃವೋ ತಿರಸ್ಕರಿಸಿದ್ದರೆ, ಇಂಥ ದೂರುಗಳನ್ನು ಮತ್ತೊಮ್ಮೆ ನೋಡಲು ಬ್ಯಾಂಕಿನೊಳಗೇ ಇರುವ ಆಂತರಿಕ ಒಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಯೇ ಎಂದು ಒಂದು ಸಾಲು ಬರೆದು ಕೇಳಿ. ದೊಡ್ಡ ಬ್ಯಾಂಕುಗಳು ತಿರಸ್ಕಾರದ ಉತ್ತರ ಕೊಡುವ ಮೊದಲು ಈ ಹಂತ ದಾಟಲೇಬೇಕು.

ಈ ನಡುವೆ ಸಿಟ್ಟಿನಿಂದ ಕಂತು ಕಟ್ಟುವುದನ್ನು ನಿಲ್ಲಿಸಬೇಡಿ. ದೂರು ನ್ಯಾಯವಾದದ್ದೇ ಇರಬಹುದು, ಆದರೆ ಕಂತು ತಪ್ಪಿದ ಗುರುತು ನಿಮ್ಮ ಸಿಬಿಲ್ ದಾಖಲೆಯಲ್ಲಿ ಕೂರುತ್ತದೆ, ದಂಡಶುಲ್ಕವೂ ಬೀಳುತ್ತದೆ.

ಹಂತ 7: ಸರಿಯಾದ ಒಂಬುಡ್ಸ್‌ಮನ್ ಆರಿಸಿಕೊಳ್ಳಿ

30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಮಾತ್ರ ಈ ಹಂತ. ಸಾಲದಾತರಿಗೆ ಬರೆಯದೆ ನೇರವಾಗಿ ಒಂಬುಡ್ಸ್‌ಮನ್‌ಗೆ ಹೋದ ದೂರನ್ನು ವಿಚಾರಣೆಯೇ ಇಲ್ಲದೆ ಮುಚ್ಚುತ್ತಾರೆ.

ನಿಮ್ಮ ತಕರಾರು ಒಪ್ಪಿಗೆಯಿಲ್ಲದೆ ಸಾಲದ ಖಾತೆಯಿಂದ ಹಣ ಕಡಿದದ್ದು, ಕೆಎಫ್‌ಎಸ್‌ನಲ್ಲಿ ತೋರಿಸದ್ದು, ವಿಮೆ ಕಡ್ಡಾಯವೆಂದು ಹೇಳಿದ್ದು ಆಗಿದ್ದರೆ ಅದು ಸಾಲದಾತರ ತಪ್ಪು. ಬ್ಯಾಂಕು ಹಾಗೂ ಹೆಚ್ಚಿನ ದೊಡ್ಡ ಫೈನಾನ್ಸ್ ಕಂಪನಿಗಳ ವಿರುದ್ಧ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅದರ ಸಿಎಂಎಸ್ ಪೋರ್ಟಲ್ ಮೂಲಕ, ದೂರು ಸಲ್ಲಿಸಿ. ಸಹಾಯಕ್ಕೆ 14448 ಸಂಖ್ಯೆಯಿದೆ. ಶುಲ್ಕವಿಲ್ಲ. ವಕೀಲರ ಮೂಲಕ ಸಲ್ಲಿಸಿದರೆ ಸ್ವೀಕರಿಸುವುದಿಲ್ಲ, ಹಾಗಾಗಿ ನೀವೇ ಸಲ್ಲಿಸಿ. 2021ರ ಯೋಜನೆಯಲ್ಲಿ ಉತ್ತರ ಬಂದ ದಿನದಿಂದ ಒಂದು ವರ್ಷದ ಗಡುವಿತ್ತು. ಇಂಥ ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಗಡುವನ್ನು ನೆಚ್ಚಿ ಕೂರದೆ 31ನೇ ದಿನವೇ ಸಲ್ಲಿಸುವುದು ಕ್ಷೇಮ.

ಇಲ್ಲಿ ಒಂದು ಗುಂಡಿಯಿದೆ, ಗೃಹಸಾಲದವರು ಪದೇ ಪದೇ ಬೀಳುವಂಥದ್ದು. ಸಾಲ ಕೊಟ್ಟದ್ದು ಬ್ಯಾಂಕಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಎಂದಾದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ಗೆ. ಬ್ಯಾಂಕಿನ ಹೆಸರನ್ನೇ ಹೋಲುವ ಅದರ ಅಂಗಸಂಸ್ಥೆಗಳೂ ಇರುವುದರಿಂದ ಮಂಜೂರಾತಿ ಪತ್ರದ ಅಡಿಯಲ್ಲಿರುವ ಪೂರ್ಣ ಹೆಸರನ್ನು ಓದಿ ನೋಡಿ. ಸೌಹಾರ್ದ ಸಹಕಾರಿಗಳು ಮತ್ತು ಪತ್ತಿನ ಸಹಕಾರ ಸಂಘಗಳು ಕೂಡ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ದೂರು ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ.

ತಕರಾರು ಪಾಲಿಸಿಯ ಬಗ್ಗೆಯೇ ಇದ್ದರೆ, ಅಂದರೆ ವಾರ್ಷಿಕ ಪಾಲಿಸಿಯನ್ನು ಒಂದೇ ಕಂತಿನದೆಂದು ಮಾರಿದ್ದು, ಫ್ರೀ ಲುಕ್ ಹಣ ಕೊಡದ್ದು, 20 ವರ್ಷದ ಸಾಲಕ್ಕೆ 5 ವರ್ಷದ ವಿಮೆ ಕೊಟ್ಟದ್ದು, ಇಂಥವಕ್ಕೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ ಸೌಧದಲ್ಲಿದೆ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ, ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಗುಂಪು ವಿಮೆಯ ಸದಸ್ಯರೂ ದೂರು ಕೊಡಬಹುದು. ಇಲ್ಲಿನ ಆದೇಶ ವಿಮಾ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ದಾರಿ ತೆರೆದೇ ಇರುತ್ತದೆ.

ಒಂದೇ ತಕರಾರನ್ನು ಏಕಕಾಲಕ್ಕೆ ಎರಡು ಕಡೆ ಹಾಕಬೇಡಿ. ಗ್ರಾಹಕರ ಆಯೋಗದಲ್ಲಿ ಪ್ರಕರಣ ಬಾಕಿಯಿದ್ದರೆ ಯಾವ ಒಂಬುಡ್ಸ್‌ಮನ್ನರೂ ಮುಟ್ಟುವುದಿಲ್ಲ. ಆದ್ದರಿಂದಲೇ ಒಂಬುಡ್ಸ್‌ಮನ್ ಮೊದಲು, ಆಯೋಗ ಆಮೇಲೆ.

ಹಂತ 8: ಗ್ರಾಹಕರ ಆಯೋಗ

ಇದು ಕೊನೆಯ ದಾರಿ, ನಿಧಾನದ ದಾರಿ ಕೂಡ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಸಾಲದಾತರನ್ನೂ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಒಂಬುಡ್ಸ್‌ಮನ್ ಬಳಿ ಕಾಲ ಕಳೆಯುವಾಗಲೂ ಈ ಎರಡು ವರ್ಷದ ಮೇಲೆ ಕಣ್ಣಿರಲಿ.

ಸಾಲ ಮೊದಲೇ ತೀರಿಸಿದ್ದರೆ

ಸಾಲವನ್ನು ಅವಧಿಗೆ ಮುನ್ನ ತೀರಿಸಿದವರು ಮತ್ತು ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಂಡವರು ಒಪ್ಪಿಗೆಯ ಪ್ರಶ್ನೆ ಎತ್ತದೆಯೂ ಹಣ ಕೇಳಬಹುದು. ಒಂದೇ ಸಲ ಪ್ರೀಮಿಯಂ ಕಟ್ಟಿದ ಸಾಲದ ವಿಮೆಯಲ್ಲಿ ಉಳಿದ ಅವಧಿಗೆ ಸರೆಂಡರ್ ಮೌಲ್ಯ, ಅಂದರೆ ವಿಮೆಯನ್ನು ನಡುವೆ ಬಿಟ್ಟಾಗ ವಾಪಸ್ ಸಿಗುವ ಮೊತ್ತ, ಇರುತ್ತದೆ. ಅದನ್ನು ಎಣಿಸುವ ಸೂತ್ರ ಪ್ರಮಾಣಪತ್ರದಲ್ಲೇ ಇರುತ್ತದೆ. ಸಾಲ ತೀರಿದ ಕೂಡಲೇ ಇದು ತಾನಾಗಿ ಬರುತ್ತದೆಂದು ಕಾಯಬೇಡಿ. ಸಾಲ ತೀರಿದ ಪ್ರಮಾಣಪತ್ರ, ವಿಮಾ ಪ್ರಮಾಣಪತ್ರ ಮತ್ತು ರದ್ದಾದ ಚೆಕ್ ಲಗತ್ತಿಸಿ ವಿಮಾ ಕಂಪನಿಗೆ ಅರ್ಜಿ ಕೊಡಿ, ಅಥವಾ ವಿಮೆಯನ್ನು ಉಳಿದ ಅವಧಿಗೆ ಮುಂದುವರಿಸಲು ಕೇಳಿ.

ಹಣ ಬಂದ ಮೇಲೆ ಮತ್ತು ಬರುವ ಮುನ್ನ

ಹಣ ಜಮೆಯಾದ ಮೇಲೆ ಪಾಲಿಸಿ ರದ್ದಾದ ಪತ್ರ ಪಡೆದು, ಮುಂದಿನ ವರ್ಷದ ಕಡಿತಕ್ಕೆ ಕೊಟ್ಟ ಆಟೊ ಡೆಬಿಟ್ ಆದೇಶವನ್ನೂ ರದ್ದು ಮಾಡಿಸಿ. ಪಾಲಿಸಿ ಹೋದರೂ ಆದೇಶ ಉಳಿದು ಮತ್ತೆ ಕಡಿತವಾದ ಉದಾಹರಣೆಗಳನ್ನು ನೋಡಿದ್ದೇನೆ. ಈ ಪ್ರೀಮಿಯಂ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆದಿದ್ದರೆ ನಿಮ್ಮ ಲೆಕ್ಕಿಗರಿಗೆ ತಿಳಿಸಿ.

ಇನ್ನು, ನಿಮ್ಮ ಬಳಿ ಪಾಲಿಸಿಯಿದೆ ಎಂಬ ಮಾಹಿತಿ ಹೊರಗೆ ಸೋರಿರುತ್ತದೆ. “ಐಆರ್‌ಡಿಎಐಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಪ್ರೀಮಿಯಂ ಬೋನಸ್ ಸಮೇತ ಬಿಡುಗಡೆಯಾಗಿದೆ, ಜಿಎಸ್‌ಟಿ ಮಾತ್ರ ಕಟ್ಟಿ” ಎಂಬ ಕರೆ ಬಂದರೆ ಅದು ಕಳ್ಳರ ಕರೆ. ಐಆರ್‌ಡಿಎಐ ಯಾರಿಗೂ ಕರೆ ಮಾಡಿ ಬೋನಸ್ ಕೊಡುವುದಿಲ್ಲ, ಪಾಲಿಸಿ ಮಾರುವುದಿಲ್ಲ. ಶೇಕಡಾ ಇಷ್ಟು ಕಮಿಷನ್ ಕೊಟ್ಟರೆ ಹಣ ವಾಪಸ್ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಗೂ ಪಾಲಿಸಿಯ ಪ್ರತಿ, ಆಧಾರ್ ಮತ್ತು ಓಟಿಪಿ ಕೊಡಬೇಡಿ. ಮೇಲಿನ ಎಲ್ಲ ಒಂಬುಡ್ಸ್‌ಮನ್ ಕಚೇರಿಗಳಲ್ಲೂ ದೂರು ಉಚಿತ. ಅಕಸ್ಮಾತ್ ಹಣ ಕಳಿಸಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ನಿಮ್ಮ ಬ್ಯಾಂಕಿಗೆ ತಿಳಿಸಿ.